ಬಯಲಲ್ಲಿ ಐಸ್ ಹಾಕಿ ಪಂದ್ಯ ನೋಡೋಕೆ ಹೊರಟಿದ್ದೀರಾ?

ಹ್ಯಾರಿಸ್‌ಬರ್ಗ್, ಮೆಕ್ಯಾನಿಕ್ಸ್‌ಬರ್ಗ್ ಕಡೆ ಕೆಲಸಕ್ಕೆ ಬಂದ ನಮ್ಮವರನ್ನು ಮೊದಲ ಚಳಿಗಾಲ ಮುಗಿಯುವುದರೊಳಗೆ ಆಫೀಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಬೇರ್ಸ್ ಆಟಕ್ಕೆ ಹೋಗಿದ್ರಾ ಅಂತ. ಬೇರ್ಸ್ ಅಂದರೆ ಹರ್ಷಿ ಬೇರ್ಸ್, ಪೆನ್ಸಿಲ್ವೇನಿಯಾದ ಚಾಕೊಲೇಟ್ ಊರಿನ ಐಸ್ ಹಾಕಿ ತಂಡ. 1938ರಿಂದ ಅಮೆರಿಕನ್ ಹಾಕಿ ಲೀಗಿನಲ್ಲಿ ಆಡುತ್ತಾ ಬಂದಿದೆ. ಆ ಲೀಗಿನ ಕಾಲ್ಡರ್ ಕಪ್ 13 ಸಲ ಗೆದ್ದಿದೆ. 2023, 2024 ಎರಡೂ ವರ್ಷ ಇವರದೇ. ಐಸ್ ಹಾಕಿಯ ಅತಿ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್ ಇದು. ಇಲ್ಲಿ ಚೆನ್ನಾಗಿ ಆಡಿದ ಹುಡುಗರನ್ನು ಎನ್‌ಎಚ್‌ಎಲ್ ತಂಡ ವಾಷಿಂಗ್ಟನ್ ಕ್ಯಾಪಿಟಲ್ಸ್ ಮೇಲಕ್ಕೆ ಕರೆಸಿಕೊಳ್ಳುತ್ತದೆ.

ಸಾಮಾನ್ಯವಾಗಿ ಆಟ ನಡೆಯುವುದು ಜೈಂಟ್ ಸೆಂಟರ್ ಅನ್ನುವ ಒಳಾಂಗಣದಲ್ಲಿ. ಆದರೆ ಅಪರೂಪಕ್ಕೆ ಬಯಲಲ್ಲೂ ಆಡಿಸುತ್ತಾರೆ. 2013ರಲ್ಲಿ ಮತ್ತು 2018ರಲ್ಲಿ ಪಕ್ಕದ ಹರ್ಷಿಪಾರ್ಕ್ ಸ್ಟೇಡಿಯಂನಲ್ಲಿ ಆಡಿಸಿದರು. 2012ರ ಜನವರಿಯಲ್ಲಿ ಫಿಲಡೆಲ್ಫಿಯಾದ ಬೇಸ್‌ಬಾಲ್ ಮೈದಾನದಲ್ಲಿ ಬೇರ್ಸ್ ಮತ್ತು ಅಡಿರಾಂಡಾಕ್ ಫ್ಯಾಂಟಮ್ಸ್ ಆಡಿದಾಗ 45,653 ಜನ ಸೇರಿದ್ದರು. ಎನ್‌ಎಚ್‌ಎಲ್‌ನವರ ಹೊಸ ವರ್ಷದ ಪಂದ್ಯಕ್ಕೆ ಅಂತ ಹಾಕಿದ್ದ ಐಸ್ ಅದು. ಖರ್ಚು ಮಾಡಿ ಹಾಕಿದ್ದಾರೆ, ಇನ್ನೊಂದು ಆಟ ಆಗಲಿ ಅಂತ ಇವರನ್ನೂ ಆಡಿಸಿದರು. ಬಯಲಾಟಗಳು ಎಷ್ಟೋ ಸಲ ಹೀಗೇ ಹುಟ್ಟುವುದು.

ಇಂಥ ಪಂದ್ಯ ಪ್ರಕಟವಾದ ಕೂಡಲೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗಲಾಟೆ ಶುರು. ಹೋಗಿ, ಖಂಡಿತ ಹೋಗಿ. ಆದರೆ ನಿಮ್ಮ ಬದುಕಿನ ಮೊದಲ ಐಸ್ ಹಾಕಿ ಪಂದ್ಯ ಬಯಲಿನದಾಗುವುದು ಬೇಡ. ಅದಕ್ಕೆ ಮುಂಚೆ ಒಂದು ಸಲ ಜೈಂಟ್ ಸೆಂಟರ್‌ಗೆ ಹೋಗಿ ಆಟ ಹೇಗಿರುತ್ತೆ ಅಂತ ಹತ್ತಿರದಿಂದ ನೋಡಿಕೊಂಡು ಬನ್ನಿ. ಮಕ್ಕಳಿದ್ದರೆ ಟೆಡ್ಡಿ ಬೇರ್ ಟಾಸ್ ದಿನವೇ ಹೋಗಿ. ಬೇರ್ಸ್ ಮೊದಲ ಗೋಲು ಹೊಡೆದ ಕೂಡಲೇ ಎಲ್ಲರೂ ತಂದ ಗೊಂಬೆಗಳನ್ನು ಐಸ್ ಮೇಲೆ ಎಸೆಯುತ್ತಾರೆ, ಅವನ್ನೆಲ್ಲ ಆಮೇಲೆ ದಾನಕ್ಕೆ ಕೊಡುತ್ತಾರೆ. 2025ರ ಜನವರಿಯಲ್ಲಿ ಒಂದೇ ದಿನ 1,02,343 ಗೊಂಬೆ ಬಿದ್ದವು.

ಮೊದಲ ಪಂದ್ಯ ಬಯಲಲ್ಲಿ ಯಾಕೆ ಬೇಡ ಅಂದರೆ, ಅಲ್ಲಿ ಆಟಕ್ಕಿಂತ ಜಾತ್ರೆಯೇ ಜಾಸ್ತಿ. ಐಸ್ ಮೈದಾನ 200 ಅಡಿ ಉದ್ದ, 85 ಅಡಿ ಅಗಲ. ಫುಟ್‌ಬಾಲ್ ಸ್ಟೇಡಿಯಂನ ನಡುವೆ ಅದನ್ನು ಇಟ್ಟರೆ ಸುತ್ತ ಎಷ್ಟೊಂದು ಖಾಲಿ ಜಾಗ ಉಳಿಯುತ್ತೆ, ಯೋಚಿಸಿ. ಪಕ್ ಅಂದರೆ 3 ಇಂಚು ಅಗಲದ ಕಪ್ಪು ರಬ್ಬರ್ ಬಿಲ್ಲೆ. ದೂರದಿಂದ ಅದು ಕಾಣುವುದೇ ಕಷ್ಟ. ಆಟಗಾರ ಕೋಲು ಬೀಸಿದ್ದು ಕಣ್ಣಿಗೆ ಬೀಳುತ್ತೆ, ಟಪ್ ಅನ್ನುವ ಸದ್ದು ಚೂರು ತಡವಾಗಿ ಕಿವಿಗೆ ಬರುತ್ತೆ. ಒಳಾಂಗಣದಲ್ಲಿ ಎದೆಗೇ ಬಡಿಯುವ ಸದ್ದು ಇಲ್ಲಿ ಗಾಳಿಯಲ್ಲಿ ಕರಗಿಹೋಗಿರುತ್ತೆ.

ಹಾಗಾಗಿ ಟಿಕೆಟ್ ತೆಗೆಯುವಾಗ ಒಂದು ಮಾತು ನೆನಪಿರಲಿ: ಮೇಲಿನ ಸಾಲು ತೆಗೆಯಿರಿ. ದುಡ್ಡು ಜಾಸ್ತಿ ಕೊಟ್ಟು ಮುಂದಿನ ಸಾಲು ಹಿಡಿದವರಿಗೆ ಕಾಣುವುದು ಐಸ್ ಸುತ್ತಲಿನ ಹಲಗೆ, ಅದರ ಮೇಲೆ ಓಡಾಡುವ ಹೆಲ್ಮೆಟ್ ಸಾಲು, ಅಷ್ಟೇ. ಮೇಲೆ ಕೂತರೆ ಪೂರ್ತಿ ಐಸ್ ಕಾಣುತ್ತೆ, ಯಾರು ಎಲ್ಲಿಗೆ ನುಗ್ಗುತ್ತಿದ್ದಾರೆ ಅಂತ ಗೊತ್ತಾಗುತ್ತೆ. ಗಾಳಿ ಸ್ವಲ್ಪ ಹೆಚ್ಚು ಹೊಡೆಯುತ್ತೆ, ತಡ್ಕೊಳ್ಳಿ.

ಚಳಿಯ ವಿಷಯಕ್ಕೆ ಬರೋಣ. ಇಲ್ಲಿನವರು 20 ಡಿಗ್ರಿ ಅಂದರೆ ಅದು ಫ್ಯಾರನ್‌ಹೀಟ್, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಮೈನಸ್ 7. ಕಾರಿನಿಂದ ಆಫೀಸಿಗೆ ಎರಡು ನಿಮಿಷ ನಡೆಯುವ ಚಳಿ ಬೇರೆ, ಮೂರು ಗಂಟೆ ಅಲ್ಲಾಡದೆ ಕೂರುವ ಚಳಿ ಬೇರೆ. ಮೈಗೆ ಎಲ್ಲರೂ ಜಾಕೆಟ್ ಹಾಕುತ್ತಾರೆ, ಆದರೆ ಚಳಿ ಮೊದಲು ಹತ್ತುವುದು ಪಾದದಿಂದ. ಸ್ಟೇಡಿಯಂನ ಬೆಂಚು ಅಲ್ಯೂಮಿನಿಯಂ, ನೆಲ ಕಾಂಕ್ರೀಟು ಇಲ್ಲಾ ಲೋಹ. ಕೂತವರ ಬಿಸಿಯನ್ನೆಲ್ಲ ಎಳೆದುಕೊಂಡುಬಿಡುತ್ತೆ. ನನ್ನ ಪಕ್ಕ ಕೂತಿದ್ದ ಅಜ್ಜಿ ಬ್ಯಾಗಿನಿಂದ ಮಡಿಸಿದ ರಟ್ಟು ತೆಗೆದು ಕಾಲ ಕೆಳಗೆ ಹಾಸಿಕೊಂಡರು. ನನ್ನ ಸ್ನೀಕರ್ ನೋಡಿ ಒಂದು ತುಂಡು ಹರಿದು ನನಗೂ ಕೊಟ್ಟರು. ಅಮೆಜಾನ್ ಡಬ್ಬದ ರಟ್ಟು! ಅದಕ್ಕಿಂತ ಒಳ್ಳೆಯ ಉಪಾಯ ನಾನು ಇವತ್ತಿಗೂ ಕಂಡಿಲ್ಲ.

ಹತ್ತಿಯ ಸಾಕ್ಸ್ ಬೇಡ. ಒದ್ದೆಯಾದರೆ ಕಾಲು ಮರಗಟ್ಟುತ್ತೆ. ಉಣ್ಣೆಯದು ಒಂದು ಜೊತೆ ಹಾಕಿ, ಮೇಲೆ ಸಡಿಲವಾದ ಬೂಟು. ಎರಡು ಜೊತೆ ಸಾಕ್ಸ್ ತುರುಕಿ ಬೂಟು ಬಿಗಿಯಾದರೆ ರಕ್ತ ಓಡಾಡದೆ ಇನ್ನೂ ಚಳಿ ಆಗುತ್ತೆ. ಕೈ ಬೆಚ್ಚಗಿಡುವ ಸಣ್ಣ ಪೊಟ್ಟಣಗಳು ಅಂಗಡಿಯಲ್ಲಿ ಸಿಗುತ್ತವೆ. ಒಳಗಿರುವ ಕಬ್ಬಿಣದ ಪುಡಿ ಗಾಳಿ ತಾಕಿದರೆ ಬಿಸಿಯಾಗುತ್ತೆ. ಕೂರುವ ಮೊದಲೇ ಒಡೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಕೂರಲು ಒಂದು ದಿಂಬು, ಹೊದೆಯಲು ದಪ್ಪ ಕಂಬಳಿ. ಊರಿಂದ ತಂದ ಮಂಗನ ಟೋಪಿ ಇದ್ದರೆ ಧೈರ್ಯವಾಗಿ ಹಾಕಿ, ಅಲ್ಲಿ ಯಾರೂ ನಗಲ್ಲ. ತಂಡದ ಜರ್ಸಿ ತೆಗೆಯುವುದಾದರೆ ಎರಡು ಸೈಜ್ ದೊಡ್ಡದು ತೆಗೆಯಿರಿ. ಇಲ್ಲಿನವರು ಅದನ್ನು ಜಾಕೆಟ್ ಮೇಲೆ ಹಾಕುವುದು. ಒಳಗೆ ಹಾಕಿದರೆ ಯಾರಿಗೆ ಕಾಣಬೇಕು?

ಆದರೆ ತಮಾಷೆ ಅಂದರೆ, ಆಟಕ್ಕೆ ಚಳಿಗಿಂತ ಬಿಸಿಲೇ ದೊಡ್ಡ ಶತ್ರು. ಲೋಹದ ತಟ್ಟೆಗಳನ್ನು ಜೋಡಿಸಿ, ಅವುಗಳ ಒಳಗೆ ಗ್ಲೈಕಾಲ್ ದ್ರವ ಹರಿಸಿ ತಣ್ಣಗೆ ಮಾಡಿ, ಮೇಲೆ ನೀರನ್ನು ತೆಳ್ಳಗೆ ಸಿಂಪಡಿಸುತ್ತಾ ಪದರ ಪದರವಾಗಿ ಐಸ್ ಕಟ್ಟುತ್ತಾರೆ. ನೇರ ಬಿಸಿಲು ಬಿದ್ದರೆ ಅದು ಮೆತ್ತಗಾಗುತ್ತೆ, ಆಟಗಾರರ ಕಣ್ಣಿಗೂ ಹೊಡೆಯುತ್ತೆ. ಅದಕ್ಕೇ ಕೆಲವರು ಕಣ್ಣ ಕೆಳಗೆ ಕಪ್ಪು ಬಳಿದುಕೊಂಡಿರುತ್ತಾರೆ. ಬಿಸಿಲು ಇಳಿಯಲಿ ಅಂತ ಆಟ ತಡವಾಗಿ ಶುರುವಾಗುವುದೂ ಉಂಟು. ಮಳೆ ಬಂದರೆ ನಿಲ್ಲಿಸುತ್ತಾರೆ ಅಂದುಕೊಳ್ಳಬೇಡಿ. 2017ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಮಳೆ ಸುರಿಯುತ್ತಿದ್ದಾಗಲೇ ಆಡಿದರು. ಒಂದೊಂದು ಪ್ಲಾಸ್ಟಿಕ್ ರೇನ್‌ಕೋಟ್ ಜೊತೆಗಿರಲಿ. ಛತ್ರಿ ಒಳಗೆ ಬಿಡುವುದು ಕಷ್ಟ, ಬಿಟ್ಟರೂ ಹಿಂದಿನವರು ಬೈಯುತ್ತಾರೆ.

ನಿಯಮ ತುಂಬಾ ತಲೆಗೆ ಹಚ್ಚಿಕೊಳ್ಳಬೇಡಿ. ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಆರು ಜನ. 20 ನಿಮಿಷದ ಮೂರು ಪೀರಿಯಡ್. ಕೊಡಗಿನ ಕಡೆಯವರಿಗೆ ಹಾಕಿ ಮನೆಯ ಆಟ, ಕೌಟುಂಬಿಕ ಹಾಕಿ ಹಬ್ಬ 1997ರಿಂದ ನಡೆಯುತ್ತಿದೆ, ಅಲ್ವಾ? ಅವರಿಗೆ ಹೇಳುವುದು ಇಷ್ಟೇ: ಹುಲ್ಲಿನ ಹಾಕಿಯಿಂದ ಯಾವತ್ತೋ ತೆಗೆದುಹಾಕಿದ ಆಫ್‌ಸೈಡ್ ಇಲ್ಲಿ ಇನ್ನೂ ಇದೆ. ಆಟಗಾರ ಪಕ್‌ಗಿಂತ ಮೊದಲು ಎದುರಾಳಿಯ ನೀಲಿ ಗೆರೆ ದಾಟಿದರೆ ಸೀಟಿ ಬೀಳುತ್ತೆ. ತಮ್ಮ ಅರ್ಧದಿಂದ ಸುಮ್ನೆ ಆ ತುದಿಗೆ ಹೊಡೆದು ಬಿಸಾಕಿದರೆ ಅದು ಐಸಿಂಗ್, ಅದಕ್ಕೂ ಸೀಟಿ. ಹುಲ್ಲಿನ ಹಾಕಿಯಲ್ಲಿ ಗೋಲಿನ ಮುಂದೆ ಇರುವ ಡಿ ಇಲ್ಲಿ ಇಲ್ಲ, ಗೋಲಿನ ಹಿಂದೆಯೂ ಆಡಬಹುದು. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರುತ್ತಾನೆ. ಆ ಎರಡು ನಿಮಿಷದಲ್ಲೇ ಜಾಸ್ತಿ ಕೂಗಾಟ. ಕೈಕೈ ಮಿಲಾಯಿಸಿದರೆ ಐದು ನಿಮಿಷ. ಮಕ್ಕಳು ಗಾಬರಿಯಾಗಬಹುದು, ಮೊದಲೇ ಹೇಳಿಡಿ. ಗಾಳಿ ಬಲವಾಗಿದ್ದರೆ ಕೊನೆಯ ಪೀರಿಯಡ್ ನಡುವೆ ತಂಡಗಳು ದಿಕ್ಕು ಬದಲಿಸಿಕೊಳ್ಳುವುದೂ ಇದೆ. ಒಬ್ಬನೇ ಮೂರು ಗೋಲು ಹೊಡೆದರೆ ಜನ ಟೋಪಿ ಎಸೆಯುತ್ತಾರೆ. ನಿಮ್ಮದನ್ನು ಎಸೆಯಬೇಡಿ, ವಾಪಸ್ ಬರಲ್ಲ.

ಶುರುವಿಗೆ ರಾಷ್ಟ್ರಗೀತೆ. ಎದ್ದು ನಿಂತು ಟೋಪಿ ತೆಗೆಯಬೇಕು. ಕೆನಡಾದ ತಂಡ ಬಂದಿದ್ದರೆ ಎರಡು ಗೀತೆ. ಎದುರಾಳಿ ತಂಡದವರು ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ, ಬೇರೆ ಗ್ಯಾಲರಿ ಅಂತ ಇರಲ್ಲ. ಕೆಣಕುತ್ತಾರೆ, ನಗುತ್ತಾರೆ, ನೀವೂ ಕೆಣಕಬಹುದು.

ತಿನ್ನೋದಕ್ಕೆ ಸಸ್ಯಾಹಾರಿಗಳು ಸ್ವಲ್ಪ ಹುಷಾರು. ಚಿಲ್ಲಿ ಅಂತ ಬರೆದಿರುವುದು ಮೆಣಸಿನಕಾಯಿ ಅಲ್ಲ, ಸಾಮಾನ್ಯವಾಗಿ ದನದ ಮಾಂಸದ ಗಟ್ಟಿ ಸಾರು. ನಾಚೋಸ್ ಮೇಲೂ ಅದನ್ನೇ ಸುರಿಯುತ್ತಾರೆ. ಹಾಟ್ ಚಾಕೊಲೇಟ್ ಮೇಲಿನ ಮಾರ್ಷ್‌ಮೆಲೋದಲ್ಲಿ ಜೆಲಟಿನ್ ಇರುತ್ತೆ, ಬೇಡ ಅನ್ನಿ. ಪ್ರೆಟ್ಜೆಲ್, ಚೀಸ್ ಪಿಜ್ಜಾ ಪರವಾಗಿಲ್ಲ. ಆಲೂಗಡ್ಡೆ, ಚೀಸ್ ತುಂಬಿದ ಪಿರೋಗಿ ಅನ್ನುವ ಕಡುಬು ಸಿಕ್ಕರೆ ಬಿಡಬೇಡಿ, ಪೆನ್ಸಿಲ್ವೇನಿಯಾದಲ್ಲಿ ನನಗೆ ಅತ್ಯಂತ ಇಷ್ಟವಾದ ತಿಂಡಿ. ಹೊರಗಿನ ತಿಂಡಿ ಒಳಗೆ ಬಿಡಲ್ಲ. ಬ್ಯಾಗಿಗೂ ಅಳತೆ, ನಿಯಮ ಇರುತ್ತೆ, ಹೊರಡುವ ಮೊದಲೇ ನೋಡಿಕೊಳ್ಳಿ.

ಹರ್ಷಿಯಲ್ಲೇ ಆಟ ಇದ್ದರೆ ಎರಡು ಗಂಟೆ ಮೊದಲೇ ಹೋಗಿ. ಹರ್ಷಿ ಚಾಕೊಲೇಟ್ ಕಂಪನಿಯ ದೊಡ್ಡ ಮಳಿಗೆ ಚಾಕೊಲೇಟ್ ವರ್ಲ್ಡ್ ಹತ್ತಿರದಲ್ಲೇ ಇದೆ. ಒಳಗೆ ಹೋಗಲು ದುಡ್ಡಿಲ್ಲ, ಬೆಚ್ಚಗಿರುತ್ತೆ, ಮಕ್ಕಳು ಅಲ್ಲೇ ಶೌಚಾಲಯಕ್ಕೆ ಹೋಗಿ ಬರಬಹುದು. ಪೀರಿಯಡ್ ಮುಗಿದಾಗ ಸ್ಟೇಡಿಯಂನ ಸಾಲು ನೋಡಿದರೆ ನನ್ನ ಮಾತು ಅರ್ಥ ಆಗುತ್ತೆ. ಬ್ಯಾಸ್ಕೆಟ್‌ಬಾಲ್ ಹುಚ್ಚು ಇರುವವರಿಗೆ ಇನ್ನೊಂದು ವಿಷಯ: 1962ರಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಆಟದಲ್ಲಿ 100 ಪಾಯಿಂಟ್ ಹೊಡೆದ ಹಳೇ ಅರೀನಾ ಹರ್ಷಿಪಾರ್ಕ್ ಸ್ಟೇಡಿಯಂನ ಪಕ್ಕದಲ್ಲೇ ಇದೆ.

ಆಟ ಸಮವಾಗಿ ನಿಂತಿದ್ದರೆ ಟ್ರಾಫಿಕ್‌ಗೆ ಹೆದರಿ ಎದ್ದು ಬರಬೇಡಿ. ಓವರ್‌ಟೈಮ್‌ನಲ್ಲಿ ಈಗ ಗೋಲ್‌ಕೀಪರ್ ಬಿಟ್ಟು ಮೂರು ಮೂರು ಜನ ಮಾತ್ರ ಆಡುವುದು. ಐಸ್ ತುಂಬಾ ಜಾಗ, ಕ್ಷಣಕ್ಕೊಂದು ದಾಳಿ, ದೂರದಿಂದಲೂ ಎಲ್ಲ ಅರ್ಥವಾಗುತ್ತೆ. ಬೇರ್ಸ್‌ನ 2012 ಮತ್ತು 2013ರ ಬಯಲಾಟ ಎರಡೂ ಓವರ್‌ಟೈಮ್‌ಗೆ ಹೋಗಿದ್ದವು. ಎರಡರಲ್ಲೂ ಸೋತರು, ಅದು ಬೇರೆ ಮಾತು. ಹೇಗಿದ್ದರೂ ಪಾರ್ಕಿಂಗ್‌ನಿಂದ ಹೊರಬೀಳೋಕೆ ಹೊತ್ತು ಹಿಡಿಯುತ್ತೆ. ಕಾರಿನಲ್ಲಿ ಪುಳಿಯೋಗರೆ ಡಬ್ಬಿ, ಫ್ಲಾಸ್ಕ್ ತುಂಬಾ ಕಾಫಿ ಇಟ್ಟಿರಿ, ಹೀಟರ್ ಹಾಕಿಕೊಂಡು ಅಲ್ಲೇ ಊಟ ಮುಗಿಸಿ.