ಹಳೇ ಗ್ರಾಮರ್ ಸ್ಕೂಲಿನ ಹಿರಿಮೆಯನ್ನು ಅಳೆಯುವುದು ಹೇಗೆ?

ಇಂಗ್ಲೆಂಡಿನ ನಮ್ಮ ಕನ್ನಡದವರ ಮನೆಗಳಲ್ಲಿ ಮಗುವಿಗೆ ಒಂಬತ್ತು ತುಂಬಿದರೆ ಸಾಕು, ಮಾತು ಗ್ರಾಮರ್ ಸ್ಕೂಲಿಗೆ, ಅಂದರೆ ಹನ್ನೊಂದರ ವಯಸ್ಸಿನಲ್ಲಿ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಶಾಲೆಗೆ, ಬಂದು ನಿಲ್ಲುತ್ತದೆ. "ಐನೂರು ವರ್ಷದ ಶಾಲೆ ಕಣ್ರೀ, ಬಿಡಬೇಡಿ" ಅಂತ ನನಗೂ ಹೇಳಿದ್ದರು. ನಾವಿರುವುದು ಕವೆಂಟ್ರಿಯಲ್ಲಿ. ಮಗನಿಗಾಗಿ ನಾನು ನೋಡಿದ್ದು ಶೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್‌ನ ಕಿಂಗ್ ಎಡ್ವರ್ಡ್ ದಿ ಸಿಕ್ಸ್ತ್ ಗಂಡುಮಕ್ಕಳ ಶಾಲೆ. ಆಗ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಫೀಸಿನ ವಿಷಯ ತಿಳಿದುಕೊಳ್ಳಿ. ಹೆಸರಲ್ಲಿ ‘ಗ್ರಾಮರ್’ ಇದ್ದ ಮಾತ್ರಕ್ಕೆ ಶಾಲೆ ಉಚಿತ ಅಲ್ಲ. ಮ್ಯಾಂಚೆಸ್ಟರ್ ಗ್ರಾಮರ್ ಸ್ಕೂಲ್ 1515ರಲ್ಲಿ ಶುರುವಾದದ್ದು, ಇವತ್ತು ಫೀಸು ಕಟ್ಟಬೇಕು. 1970ರ ದಶಕದಲ್ಲಿ ಸರ್ಕಾರ ಅಂಥ ಶಾಲೆಗಳಿಗೆ ನೇರ ಅನುದಾನ ನಿಲ್ಲಿಸಿದಾಗ ಅದು ಖಾಸಗಿಯಾಯಿತು. ಸ್ಟ್ರಾಟ್‌ಫರ್ಡ್‌ನದು ಸರ್ಕಾರದ ದುಡ್ಡಿನಲ್ಲೇ ನಡೆಯುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಉಚಿತ ಗ್ರಾಮರ್ ಸ್ಕೂಲುಗಳು ಉಳಿದಿರುವುದು 163. ಹೊಸದನ್ನು ತೆರೆಯಲು 1998ರ ಕಾನೂನು ಬಿಡುವುದಿಲ್ಲ. ಸೀಟಿಗೆ ಇಷ್ಟು ನೂಕುನುಗ್ಗಲು ಇರೋದು ಅದಕ್ಕೇ.

ಆಮೇಲೆ, ಸ್ಥಾಪನೆಯ ವರ್ಷ ಯಾವುದರ ವರ್ಷ ಅಂತ ಕೇಳಿ. ಸ್ಟ್ರಾಟ್‌ಫರ್ಡ್ ಶಾಲೆಯ ಹೆಸರಿನ ಜೊತೆ ಬರುವುದು 1553. ಅದು ಬಾಲಕ ದೊರೆ ಆರನೇ ಎಡ್ವರ್ಡ್ ಸನ್ನದು ಕೊಟ್ಟ ವರ್ಷ. ಆದರೆ ಊರಿನ ‘ಹೋಲಿ ಕ್ರಾಸ್’ ಗಿಲ್ಡ್, ಅಂದರೆ ಊರವರ ಧಾರ್ಮಿಕ ಸಂಘ, ಅದಕ್ಕೂ ಬಹಳ ಮುಂಚೆಯೇ ಮಕ್ಕಳಿಗೆ ಪಾಠ ಹೇಳಿಸುತ್ತಿತ್ತು. 1482ರಲ್ಲಿ ಥಾಮಸ್ ಜಾಲಿಫ್ ಎಂಬ ಪಾದ್ರಿ, ಮಕ್ಕಳಿಂದ ಕಾಸು ತೆಗೆದುಕೊಳ್ಳದೆ ವ್ಯಾಕರಣ ಕಲಿಸಲಿ ಅಂತ ಮೇಷ್ಟ್ರಿಗೆ ಆಸ್ತಿಯನ್ನೇ ಬಿಟ್ಟುಕೊಟ್ಟ. ವ್ಯಾಕರಣ ಅಂದರೆ ಲ್ಯಾಟಿನ್ ವ್ಯಾಕರಣ, ಗ್ರಾಮರ್ ಸ್ಕೂಲ್ ಅನ್ನೋ ಹೆಸರು ಬಂದದ್ದೇ ಅದರಿಂದ. ದೊರೆಯ ತಂದೆ ಎಂಟನೇ ಹೆನ್ರಿ ಶುರು ಮಾಡಿದ ಧಾರ್ಮಿಕ ಬದಲಾವಣೆಯ ಮುಂದುವರಿಕೆಯಲ್ಲಿ ಗಿಲ್ಡನ್ನು ಮುಚ್ಚಿದರು. ಶಾಲೆ ಬೀಳದಂತೆ ಹಿಡಿದದ್ದು ಆ ಸನ್ನದು. ನನಗೆ ದೊರೆಗಿಂತ ಜಾಲಿಫ್ ದೊಡ್ಡವನಾಗಿ ಕಾಣುತ್ತಾನೆ.

ಕಟ್ಟಡವನ್ನು ಕಣ್ಣಾರೆ ನೋಡದೆ ಇರಬೇಡಿ. ಚರ್ಚ್ ಸ್ಟ್ರೀಟಿನಲ್ಲಿ, ಗಿಲ್ಡ್ ಚಾಪೆಲ್ಲಿನ ಪಕ್ಕದಲ್ಲೇ ಹಳೇ ಗಿಲ್ಡ್‌ಹಾಲ್ ಇದೆ. 1420ರ ಆಸುಪಾಸಿನ ಮರದ ಚೌಕಟ್ಟಿನ ಕಟ್ಟಡ. 2016ರಿಂದ ಟಿಕೆಟ್ ತಗೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ಕೆಳಗಿನ ಹಾಲಿನಲ್ಲಿ ಊರಿನ ಆಡಳಿತ ಸೇರುತ್ತಿತ್ತು. ಶೇಕ್ಸ್‌ಪಿಯರನ ಅಪ್ಪ ಜಾನ್ 1568ರಲ್ಲಿ ಊರಿನ ಮುಖ್ಯಸ್ಥನಾಗಿ ಅಲ್ಲಿ ಕೂತಿದ್ದ. ಮೇಲಿನದು ಪಾಠದ ಕೋಣೆ. ಶೇಕ್ಸ್‌ಪಿಯರ್ ಅಲ್ಲೇ ಓದಿದ ಅಂತ ವಿದ್ವಾಂಸರು ನಂಬುತ್ತಾರೆ. ಆಗಿನ ಹಾಜರಿ ಪುಸ್ತಕ ಮಾತ್ರ ಉಳಿದಿಲ್ಲ. ಹಾಗಾಗಿ ‘ಬಹುಶಃ’ ಅನ್ನೋ ಮಾತನ್ನು ಮಗುವಿಗೂ ಹೇಳಿಕೊಡಿ. ನನ್ನ ಮಗ ಆ ತೊಲೆಗಳನ್ನೇ ನೋಡುತ್ತಾ ಹತ್ತು ನಿಮಿಷ ಮಾತಾಡಲಿಲ್ಲ.

ಈಗಿನ ಸ್ಥಾನಮಾನ ಅಳೆಯುವಾಗ ಬರೀ ಅಂಕ ನೋಡಬೇಡಿ. ಮಕ್ಕಳನ್ನು ಆರಿಸಿ ತೆಗೆದುಕೊಳ್ಳುವ ಶಾಲೆಯಲ್ಲಿ ಅಂಕ ಜಾಸ್ತಿ ಬರೋದು ಸಹಜ ಅಲ್ವಾ? ಸರ್ಕಾರದ ಪಟ್ಟಿಯಲ್ಲಿ ‘ಪ್ರೋಗ್ರೆಸ್ 8’ ನೋಡಿ. ಹನ್ನೊಂದರಿಂದ ಹದಿನಾರರ ತನಕ ಮಕ್ಕಳು ಎಷ್ಟು ಮುಂದೆ ಬಂದರು ಅಂತ ಅದು ತೋರಿಸುತ್ತದೆ. ಕೋವಿಡ್‌ನಿಂದ ಆ ಮಕ್ಕಳಿಗೆ ಪ್ರೈಮರಿ ಕೊನೆಯ ಪರೀಕ್ಷೆ ತಪ್ಪಿದ್ದರಿಂದ 2025ಕ್ಕೆ ಅದು ಇಲ್ಲ, 2024ರದ್ದು ನೋಡಿ. ಆಫ್‌ಸ್ಟೆಡ್ (ಶಾಲೆಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ) ವರದಿಯನ್ನು ಪೂರ್ತಿ ಓದಿ. ಹೆಣ್ಣುಮಕ್ಕಳಿರುವವರಿಗೆ ಒಂದು ಮಾತು: 2013ರಿಂದ ಇಲ್ಲಿ ಸಿಕ್ಸ್ತ್ ಫಾರ್ಮಿಗೆ, ಅಂದರೆ ಹದಿನಾರರ ನಂತರದ ಕೊನೆಯ ಎರಡು ವರ್ಷಕ್ಕೆ, ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ.

ಓಪನ್ ಡೇಗೆ ಹೋದರೆ ಹುಡುಗರನ್ನೇ ಮಾತಾಡಿಸಿ. ಊಟದ ಬಿಡುವಿನಲ್ಲಿ ಏನು ಮಾಡ್ತೀರಿ, ಪಾಠ ಅರ್ಥ ಆಗದಿದ್ದರೆ ಯಾರ ಹತ್ತಿರ ಹೋಗ್ತೀರಿ ಅಂತ ಕೇಳಿ. ನನಗೆ ಹೆಚ್ಚು ತಿಳಿದದ್ದು ಆ ಉತ್ತರಗಳಿಂದ.

ಗ್ರಾಮರ್ ಸ್ಕೂಲಿನ ಪ್ರವೇಶಕ್ಕೆ ಬರೆಯುವ ಇಲೆವೆನ್ ಪ್ಲಸ್ ಪರೀಕ್ಷೆ ಪ್ರೈಮರಿಯ ಕೊನೆಯ ತರಗತಿ ‘ಇಯರ್ 6’ರ ಶುರುವಿನಲ್ಲೇ ಬರುತ್ತದೆ, ಹೆಸರು ಬರೆಸುವುದು ಅದಕ್ಕೂ ಮುಂಚೆ. ಶಾಲೆಗಳ ಪಟ್ಟಿಯನ್ನು ಅಕ್ಟೋಬರ್ 31ರೊಳಗೆ ಕೌನ್ಸಿಲ್‌ಗೆ ಕೊಡಬೇಕು. ಅದರಲ್ಲಿ ಮನೆ ಹತ್ತಿರದ ಸಾಮಾನ್ಯ ಶಾಲೆಯ ಹೆಸರನ್ನೂ ಮರೆಯದೆ ಬರೆಯಿರಿ, ಆ ಶಾಲೆಗೂ ಮಗುವನ್ನು ಒಮ್ಮೆ ಕರೆದುಕೊಂಡು ಹೋಗಿ ಬನ್ನಿ.