ಮುಂಬೈಯಲ್ಲಿ ರಾಜಹಂಸ ನೋಡಬೇಕಾ? ಮೊದಲು ಉಬ್ಬರದ ಸಮಯ ನೋಡಿ

ನಮ್ಮ ಬಾಗಲಕೋಟೆ ಕಡೆ ಆಲಮಟ್ಟಿ ಹಿನ್ನೀರಿಗೂ ರಾಜಹಂಸ, ಅಂದರೆ ಫ್ಲೆಮಿಂಗೊ, ಬರುತ್ತದೆ. ಆದರೆ ಸಾವಿರಗಟ್ಟಲೆ ಒಟ್ಟಿಗೆ ನೋಡುವ ಆಸೆ ಇದ್ದರೆ ಮುಂಬೈ ಪಕ್ಕದ ಠಾಣೆ ಕ್ರೀಕ್‌ಗೆ, ಅಂದರೆ ಸಮುದ್ರದ ನೀರು ಒಳನುಗ್ಗುವ ಅಲ್ಲಿನ ಅಳಿವೆಗೆ, ಹೋಗಿ. ನವೆಂಬರ್‌ನಿಂದ ಮೇ ಒಳಗೆ ಯಾವಾಗಲಾದರೂ ಸರಿ, ಜನವರಿ ಆದ ಮೇಲೆ ಇನ್ನೂ ಚೆನ್ನ.

ಎಲ್ಲರೂ ಬೆಳಿಗ್ಗೆ ಬೇಗ ಹೋಗಬೇಕಾ ಅಂತ ಕೇಳುತ್ತಾರೆ. ಅದಕ್ಕಿಂತ ಮುಖ್ಯ ಉಬ್ಬರ ಇಳಿತ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ದೂರದ ಕೆಸರಿಗೆ ಹರಡಿಕೊಂಡು ಬರೀ ಗುಲಾಬಿ ಗೆರೆಯ ಹಾಗೆ ಕಾಣುತ್ತವೆ. ನೀರು ಏರುತ್ತಾ ಬಂದಂತೆ ದಡದ ಕಡೆ ಸರಿಯುತ್ತವೆ, ಅದೇ ನಿಮ್ಮ ಸಮಯ. ಕೆಸರೆಲ್ಲ ಮುಳುಗಿದ ಮೇಲೆ ನವಿ ಮುಂಬೈಯ ನೆರೂಳ್ ಕಡೆಯ ಕೆರೆಗಳಿಗೆ ಹಾರಿಹೋಗಿ ನಿಲ್ಲುತ್ತವೆ. ನವಿ ಮುಂಬೈಯದೇ ಐರೋಲಿಯಿಂದ ಅರಣ್ಯ ಇಲಾಖೆಯ ದೋಣಿಯೂ ಇದೆ. ಅದರ ಸಮಯವೂ ಉಬ್ಬರದ ಪ್ರಕಾರವೇ ದಿನಾ ಬದಲಾಗುತ್ತದೆ, ಮೊದಲೇ ಬುಕ್ ಮಾಡಿ.

ಬೈನಾಕ್ಯುಲರ್ ಮರೆಯಬೇಡಿ. ಫೋಟೋ ಆಮೇಲೆ, ಮೊದಲು ಒಂದೇ ಒಂದು ಹಕ್ಕಿಯನ್ನು ಹತ್ತು ನಿಮಿಷ ನೋಡಿ. ತಲೆಯನ್ನು ಪೂರ್ತಿ ತಲೆಕೆಳಗು ಮಾಡಿ ಕೊಕ್ಕು ಅದ್ದುತ್ತದೆ, ನಾಲಿಗೆ ಪಂಪಿನ ಹಾಗೆ ನೀರನ್ನು ಒಳಗೆಳೆದು ಹೊರಗೆ ತಳ್ಳುತ್ತದೆ, ಕೊಕ್ಕಿನ ಅಂಚಿನ ಬಾಚಣಿಗೆಯಂಥ ಹಲ್ಲುಗಳಲ್ಲಿ ತಿನ್ನುವುದು ಮಾತ್ರ ಉಳಿಯುತ್ತದೆ. ಗಿಡ್ಡಕ್ಕಿದ್ದು ಕೊಕ್ಕು ಕಡುಗೆಂಪಾಗಿದ್ದರೆ ಅದು ಚಿಕ್ಕ ರಾಜಹಂಸ, ಇಲ್ಲಿ ಅದೇ ಜಾಸ್ತಿ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯನ್ನೂ ಸೋಸಿ ತಿನ್ನುತ್ತದೆ. ಕೊಕ್ಕು ತಿಳಿ ಗುಲಾಬಿ, ತುದಿ ಮಾತ್ರ ಕಪ್ಪು ಅಂದರೆ ಅದು ಇನ್ನೊಂದು ಜಾತಿ, ದೊಡ್ಡ ರಾಜಹಂಸ. ಅದು ಕಾಲಲ್ಲಿ ಕೆಸರು ತುಳಿಯುತ್ತಾ ನಿಂತಲ್ಲೇ ಸುತ್ತುತ್ತದೆ, ಕೆಸರಲ್ಲಿ ಅಡಗಿದ ಹುಳ, ಸಣ್ಣ ಸಿಗಡಿ ಮೇಲೆ ಬರಲಿ ಅಂತ. ಎಷ್ಟು ತಾಳ್ಮೆ ನೋಡಿ! ಗುಲಾಬಿ ಬಣ್ಣ ಬರುವುದೂ ಈ ಊಟದಿಂದಲೇ.

ನಡುವೆ ಬೂದು ಬಣ್ಣದವು ಕಂಡರೆ ಬೇರೆ ಜಾತಿ ಅಂದುಕೊಳ್ಳಬೇಡಿ, ಇನ್ನೂ ಬಣ್ಣ ಬಾರದ ಎಳೆಯ ಹಕ್ಕಿಗಳು ಅವು. ಗೂಡು ಮಾತ್ರ ಇಲ್ಲಿ ಸಿಗಲ್ಲ. ರಾಜಹಂಸಗಳು ಮರಿ ಮಾಡುವುದು ಮುಖ್ಯವಾಗಿ ಗುಜರಾತಿನ ಉಪ್ಪು ಬಯಲಾದ ಕಛ್‌ನ ರಣದಲ್ಲಿ. ಅಲ್ಲಿ ಕೆಸರಿನ ಸಣ್ಣ ದಿಬ್ಬ ಕಟ್ಟಿ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಟ್ಟು, ಅಪ್ಪ ಅಮ್ಮ ಇಬ್ಬರೂ ಗಂಟಲಲ್ಲಿ ಊರುವ ಹಾಲಿನಂಥದ್ದನ್ನು ಮರಿಗೆ ಕುಡಿಸುತ್ತವೆ.

ಡ್ರೋನ್ ಹಾರಿಸಲೇಬೇಡಿ, ಕಲ್ಲು ಎಸೆದು ಎಬ್ಬಿಸಲೂಬೇಡಿ. ಹಾರಬೇಕಾದರೆ ಅವು ನೀರಿನ ಮೇಲೆ ಓಡಬೇಕು, ಸುಮ್ನೆ ಎಬ್ಬಿಸಿದರೆ ತಿಂದ ಶಕ್ತಿಯೆಲ್ಲ ಹಾಳಾಗುತ್ತದೆ ಅಲ್ವಾ? ತಿನ್ನುತ್ತಿದ್ದವು ಒಟ್ಟಿಗೆ ಕತ್ತೆತ್ತಿ ನಿಂತರೆ ನೀವು ತೀರಾ ಹತ್ತಿರ ಹೋಗಿದ್ದೀರಿ ಅಂತಲೇ ಅರ್ಥ. ಮೆಲ್ಲಗೆ ಹಿಂದೆ ಸರಿದು ಅಲ್ಲಾಡದೆ ನಿಲ್ಲಿ, ಒಂದೊಂದಾಗಿ ತಲೆಗಳು ಮತ್ತೆ ನೀರಿಗೆ ಇಳಿಯುತ್ತವೆ.