ಕಾಂಟೆಸ್ಸಾ ಪೆಟ್ರೋಲ್ ಲೈನ್ ಅಪ್‌ಗ್ರೇಡ್: ಪಂಪ್ ಆಮೇಲೆ ನೋಡೋಣ, ಮೊದಲು ಟ್ಯಾಂಕ್ ಇಳಿಸಿ

ಹಳೇ ಕಾಂಟೆಸ್ಸಾ ಕಾರು ತಗೊಂಡವರು ಮೊದಲು ಕೇಳೋದೇ, ಗುರು ಯಾವ ಎಲೆಕ್ಟ್ರಿಕ್ ಪಂಪ್ ಹಾಕ್ಸ್ಲಿ ಅಂತ. ಮೂರನೇ ಗೇರಲ್ಲಿ ಪೂರ್ತಿ ತುಳಿದ್ರೆ ಸ್ವಲ್ಪ ದೂರ ಚೆನ್ನಾಗಿ ಎಳೆಯುತ್ತೆ, ಆಮೇಲೆ ಜರ್ಕ್ ಹೊಡೆದು ಸುಸ್ತಾಗುತ್ತೆ, ಕಾಲು ತೆಗೆದ್ರೆ ಮತ್ತೆ ಸರಿ. ಗ್ಯಾರೇಜಲ್ಲಿ ಪಂಪ್ ವೀಕ್ ಅಂತಾರೆ, ನೀವು ದೊಡ್ಡ ಪಂಪ್ ತರ್ತೀರ, ದುಡ್ಡು ಹೋಗುತ್ತೆ, ಜರ್ಕ್ ಮಾತ್ರ ಹೋಗಲ್ಲ.

ಸ್ವಲ್ಪ ಲೆಕ್ಕ ಹಾಕಿ. 1.8 ಇಸುಝು ಇಂಜಿನ್ ಇರೋ ಗಾಡಿ ಅಂತ ಇಟ್ಕೊಳ್ಳೋಣ, 88 ಬಿಎಚ್‌ಪಿ ಅಂತಾನೇ ಇರಲಿ (ಮೊದಲು ಬರ್ತಿದ್ದ 1.5 ಅಂಬಾಸಡರ್ ಇಂಜಿನ್ ಗಾಡಿಗೆ ಇದರ ಅರ್ಧ ಚಿಲ್ಲರೆ ಸಾಕು). ಫುಲ್ ಥ್ರಾಟಲಲ್ಲಿ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 230 ಗ್ರಾಂ ಪೆಟ್ರೋಲ್ ಬೇಕು, ಅಂದ್ರೆ ಒಟ್ಟು 20 ಕೆಜಿ, ಲೀಟರ್ ಲೆಕ್ಕದಲ್ಲಿ 27. ಹೆಡ್ ಕೆಲಸ, ಎಕ್ಸಾಸ್ಟ್ ಎಲ್ಲ ಮಾಡಿಸಿ 110ಕ್ಕೆ ಏರಿಸಿದ್ರೂ 34 ಲೀಟರ್ ಆಗ್ಬಹುದು ಅಷ್ಟೇ. ಈಗಿನ ಎಂಪಿಎಫ್‌ಐ (ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸೋ) ಕಾರಿನ ಪಂಪ್ ಇದಕ್ಕಿಂತ ಎಷ್ಟೋ ಜಾಸ್ತಿ ತಳ್ಳುತ್ತೆ, ಅದೂ 3 ಬಾರ್, ಅಂದ್ರೆ 43 ಪಿಎಸ್‌ಐ ಪ್ರೆಷರಲ್ಲಿ. ಹಳೇ ಗಾಡಿಯಲ್ಲಿ ಪೆಟ್ರೋಲ್, ಗಾಳಿ ಬೆರೆಸೋ ಕಾರ್ಬ್ರೇಟರ್‌ಗೆ ಬೇಕಿರೋದು ಎರಡೂವರೆಯಿಂದ ಮೂರೂವರೆ ಪಿಎಸ್‌ಐ. ಜಾಸ್ತಿ ಪ್ರೆಷರ್ ಕೊಟ್ರೆ, ಸಾಕಾದಾಗ ಪೆಟ್ರೋಲ್ ನಿಲ್ಲಿಸೋ ಫ್ಲೋಟ್ ಸೂಜಿ ತಡೆಯಲ್ಲ, ಪೆಟ್ರೋಲ್ ಓವರ್‌ಫ್ಲೋ ಆಗಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಸುರಿಯುತ್ತೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ತು ಅಂತ ಎಂಪಿಎಫ್‌ಐ ಪಂಪ್ ತಂದು ಕೂರಿಸೋರಿಗೆ ಈ ಮಾತು.

ಈಗಿರೋ ಪಂಪ್ ನಿಜವಾಗ್ಲೂ ವೀಕಾ ಅಂತ ಚೆಕ್ ಮಾಡೋದು ಸುಲಭ. ಇಂಜಿನ್ ತಣ್ಣಗಿರುವಾಗ ಕಾರ್ಬ್ರೇಟರ್ ಕಡೆ ಪೈಪ್ ಬಿಚ್ಚಿ, ಅದಕ್ಕೆ ಉದ್ದ ಪೈಪ್ ಸೇರಿಸಿ, ಕಾಯಿಲ್ ಮತ್ತು ಎಕ್ಸಾಸ್ಟಿಂದ ದೂರ ಒಂದು ಬಾಟಲಿಗೆ ಬಿಡಿ. ಒಬ್ಬರು ಪಕ್ಕದಲ್ಲೇ ಫೈರ್ ಎಕ್ಸ್‌ಟಿಂಗ್ವಿಷರ್ ಹಿಡ್ಕೊಂಡು ನಿಂತಿರಲಿ. ಸ್ಟಾರ್ಟ್ ಮಾಡಿದ್ರೆ ಕಾರ್ಬ್ರೇಟರ್ ಬೌಲಲ್ಲಿ ಇರೋ ಪೆಟ್ರೋಲಲ್ಲೇ ಅರ್ಧ ನಿಮಿಷ ಐಡಲ್ ಓಡುತ್ತೆ. ಆ 30 ಸೆಕೆಂಡಲ್ಲಿ ಕಾಲು ಲೀಟರ್ ಹತ್ತಿರ ಬಿದ್ರೆ ನಿಮ್ಮ ಹಳೇ ಪಂಪೇ ಸಾಕು, ಬೇರೆ ಕಡೆ ಹುಡುಕಿ. ಕಮ್ಮಿ ಬಿದ್ರೂ ತಕ್ಷಣ ಪಂಪನ್ನ ಬೈಯೋಕೆ ಹೋಗ್ಬೇಡಿ. ಅದರ ಸಕ್ಷನ್ ಪೈಪ್ ಬಿಚ್ಚಿ ನೇರ ಪೆಟ್ರೋಲ್ ಕ್ಯಾನಿಗೆ ಬಿಟ್ಟು ಇನ್ನೊಂದ್ಸಲ ನೋಡಿ, ಈಗ ಚೆನ್ನಾಗಿ ಬಂದ್ರೆ ತೊಂದರೆ ಇರೋದು ಟ್ಯಾಂಕ್ ಅಥವಾ ಲೈನಲ್ಲಿ.

ಬಹಳ ಸಲ ಅಲ್ಲೇ ಇರುತ್ತೆ. ಟ್ಯಾಂಕ್ ಖಾಲಿ ಮಾಡಿ ಇಳಿಸಿ, ಗೇಜಿನ ಫ್ಲೋಟ್ ಯೂನಿಟ್ ತೆಗೆದು ಒಳಗೆ ನೋಡಿ, ಅಡಿಯಲ್ಲಿ ಕಾಫಿ ಗಷ್ಟದ ಹಾಗೆ ತುಕ್ಕು ಕೂತಿರುತ್ತೆ, ಪಿಕಪ್ ಪೈಪಿನ ಜರಡಿ ಅರ್ಧ ಮುಚ್ಚಿರುತ್ತೆ. ಜೋರಾಗಿ ತುಳಿದಾಗ ಮಾತ್ರ ಸುಸ್ತಾಗೋದು ಇದಕ್ಕೇ, ನಿಧಾನಕ್ಕೆ ಓಡಿಸಿದ್ರೆ ಆ ಅರ್ಧ ಜರಡಿ ಸಾಕಾಗುತ್ತೆ. ಒಂದಷ್ಟು ಸಣ್ಣ ನಟ್ಟು ಹಾಕಿ ಕುಲುಕಿ, ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ರಿಮೂವರ್ ಬಿಟ್ಟು, ತೊಳೆದು, ಪೂರ್ತಿ ಒಣಗಿಸಿ, ಹಾಕಿದ ನಟ್ಟೆಲ್ಲ ಎಣಿಸಿ ಆಚೆ ತೆಗೀರಿ. ತೂತಿದ್ರೆ ಪಕ್ಕದ ವೆಲ್ಡಿಂಗ್ ಅಂಗಡಿಗೆ ಮಾತ್ರ ಕೊಡ್ಬೇಡಿ. ಖಾಲಿ ಟ್ಯಾಂಕಲ್ಲಿ ಉಳಿಯೋ ಆವಿ ಸಿಡಿಯುತ್ತೆ, ಪೆಟ್ರೋಲ್ ಟ್ಯಾಂಕ್ ಕೆಲಸ ಗೊತ್ತಿರೋ ರೇಡಿಯೇಟರ್ ಅಂಗಡಿಯವರೇ ಮಾಡ್ಬೇಕು. ಟ್ಯಾಂಕಿನ ಗಾಳಿ ಪೈಪೂ ಊದಿ ನೋಡಿ, ಅದು ಮುಚ್ಚಿದ್ರೆ ವ್ಯಾಕ್ಯೂಮ್ ಆಗಿ ಯಾವ ಪಂಪೂ ಎಳೆಯಲ್ಲ.

ಇನ್ನು ಪೈಪ್ ವಿಷಯ, ಇದನ್ನ ಎಲ್ಲರೂ ಉದಾಸೀನ ಮಾಡ್ತಾರೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯ್ತು, ಈಗ ಬಂಕಲ್ಲಿ ಸಿಗೋದೇ ಅದು. ಕಾಂಟೆಸ್ಸಾ 1984ರಿಂದ 2002ರವರೆಗೆ ಬಂದ ಗಾಡಿ, 20 ಪರ್ಸೆಂಟ್ ಎಥನಾಲ್ ಕುಡಿಯೋಕೆ ಮಾಡಿದ್ದಲ್ಲ. ಹಳೇ ರಬ್ಬರ್ ಪೈಪ್ ಒಂದನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ನೋಡಿ. ಹೊರಗೆ ಗಟ್ಟಿಯಾಗೇ ಕಾಣುತ್ತೆ, ಒಳಗೋಡೆ ಊದಿಕೊಂಡು ತೂತು ಸಣ್ಣ ಆಗಿರುತ್ತೆ, ಬೆರಳಾಡಿಸಿದ್ರೆ ಕಪ್ಪು ಮಸಿ ಅಂಟುತ್ತೆ. ಆ ಮಸಿ ಹೋಗಿ ಕೂರೋದು ಕಾರ್ಬ್ರೇಟರಿನ ಜೆಟ್ಟಲ್ಲಿ, ಅಂದ್ರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಲ್ಲಿ. ಮೀಟರ್ ಲೆಕ್ಕದಲ್ಲಿ ಹೆಸರಿಲ್ಲದ ಪೈಪ್ ಕೊಡ್ತಾರೆ, ತಗೋಬೇಡಿ, ಮೇಲೆ ಎಸ್‌ಎಇ ಜೆ30ಆರ್9 ಅಂತ ಪ್ರಿಂಟ್ ಇರೋದು, ಒಳಗೆ ಫ್ಲೋರೋ ರಬ್ಬರ್ ಲೈನಿಂಗ್ ಇರೋದೇ ಕೇಳಿ. ಸಪ್ಲೈಗೆ 8 ಎಂಎಂ, ಟ್ಯಾಂಕಿಗೆ ವಾಪಸ್ ಹೋಗೋ ರಿಟರ್ನ್‌ಗೆ 6 ಎಂಎಂ. ಕ್ಲಿಪ್ ಕೂಡ ಅಂಚು ಮಡಚಿದ ಇಂಜೆಕ್ಷನ್ ಟೈಪ್ ಹಾಕಿ, ಹಲ್ಲಿರೋ ಮಾಮೂಲಿ ಕ್ಲಿಪ್ ಪೈಪನ್ನ ಕೊರೆಯುತ್ತೆ.

ಇಷ್ಟೆಲ್ಲ ಆದ್ಮೇಲೂ ಎಲೆಕ್ಟ್ರಿಕ್ ಪಂಪ್ ಬೇಕು ಅನ್ಸಿದ್ರೆ ಹಾಕ್ಸಿ, ತಪ್ಪಿಲ್ಲ. ತಿಂಗಳಿಗೊಮ್ಮೆ ತೆಗೆಯೋ ಗಾಡಿಗೆ ಅದು ಒಳ್ಳೇದೇ, ಬೌಲ್ ಒಣಗಿದ್ರೂ ಸುಮ್ನೆ ಸೆಲ್ಫ್ ಹೊಡೀತಾ ಕೂರ್ಬೇಕಿಲ್ಲ. ಕಾರ್ಬ್ರೇಟರ್‌ಗೇ ಅಂತ ಬರೋ ಲೋ ಪ್ರೆಷರ್ ಪಂಪ್ ತಗೊಳ್ಳಿ, ಟ್ಯಾಂಕ್ ಹತ್ತಿರ, ಆದಷ್ಟು ಟ್ಯಾಂಕಿನ ತಳದ ಮಟ್ಟಕ್ಕೇ ಕೂರಿಸಿ, ಈ ಪಂಪ್‌ಗಳಿಗೆ ಎಳೆಯೋದು ಕಷ್ಟ, ತಳ್ಳೋದು ಸುಲಭ. ಪಂಪಿಗೆ ಮುಂಚೆ ದಪ್ಪ ಜರಡಿ ಫಿಲ್ಟರ್, ಆಮೇಲೆ ನಯ ಫಿಲ್ಟರ್. ಹಳೇ ಮೆಕ್ಯಾನಿಕಲ್ ಪಂಪ್ ಪೂರ್ತಿ ತೆಗೆದು ಆ ಜಾಗಕ್ಕೆ ಪ್ಲೇಟ್ ಹಾಕ್ಸಿ, ಲೈನಲ್ಲೇ ಬಿಟ್ರೆ ಅದರೊಳಗಿನ ಡಯಾಫ್ರಮ್ (ಪೊರೆ) ಹರಿದ ದಿನ ಪೆಟ್ರೋಲೆಲ್ಲ ಇಂಜಿನ್ ಆಯಿಲ್‌ಗೆ ಹೋಗುತ್ತೆ.

ವೈರಿಂಗಲ್ಲಿ ಮಾತ್ರ ಅಡ್ಜಸ್ಟ್ ಬೇಡ. ಇಗ್ನಿಷನ್ ಸ್ವಿಚ್ಚಿಂದ ನೇರ ವೈರ್ ಎಳೆದು ಮುಗಿಸ್ತಾರೆ. ಆಕ್ಸಿಡೆಂಟ್ ಆಗಿ ಇಂಜಿನ್ ನಿಂತು ಕೀ ಆನಲ್ಲೇ ಉಳಿದ್ರೆ, ಒಡೆದ ಪೈಪಿಂದ ಪಂಪ್ ಪೆಟ್ರೋಲ್ ಸುರೀತಾನೇ ಇರುತ್ತೆ. ಇಂಜಿನ್ ತಿರುಗ್ತಿದ್ದು ಕಾಯಿಲ್ ಪಲ್ಸ್ ಬಂದ್ರೆ ಮಾತ್ರ ಆನ್ ಆಗೋ ರಿಲೇ ಹಾಕ್ಸಿ, ಜೊತೆಗೆ ಡಿಕ್ಕಿ ಹೊಡೆದ್ರೆ ಕಟ್ ಆಗೋ ಇನರ್ಷಿಯಾ ಸ್ವಿಚ್ಚು. ಫ್ಯೂಸ್ ಬ್ಯಾಟರಿ ಕಡೆಯೇ ಇರಲಿ.

ಕಲಬುರಗಿ, ರಾಯಚೂರು ಕಡೆಯವರಿಗೆ ರಿಟರ್ನ್ ಲೈನ್ ಬೇಕೇಬೇಕು ಅಂತೀನಿ. ಬೇಸಿಗೆಯಲ್ಲಿ ಟ್ರಾಫಿಕಲ್ಲಿ ನಿಂತಾಗ ಪೆಟ್ರೋಲ್ ಪೈಪಲ್ಲೇ ಆವಿಯಾಗಿ ಏರ್ ಲಾಕ್ ಆಗುತ್ತೆ, ಕಾರ್ಬ್ರೇಟರ್ ಹತ್ತಿರ ಒಂದು ಟಿ ಹಾಕಿ, ಒಂದೂವರೆ ಎಂಎಂ ತೂತಿನ ಜೆಟ್ ಮೂಲಕ ಸ್ವಲ್ಪ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗ್ತಿದ್ರೆ ಲೈನ್ ತಣ್ಣಗಿರುತ್ತೆ.

ಕೊನೆಗೆ ಜೆಟ್. ತೂಕದ ಲೆಕ್ಕದಲ್ಲಿ ಒಂದು ಭಾಗ ಬರೀ ಪೆಟ್ರೋಲ್‌ಗೆ 14.7 ಭಾಗ ಗಾಳಿ, ಇ20ಗೆ ಸುಮಾರು 13.5, ಅಂದ್ರೆ ಹಳೇ ಸೆಟ್ಟಿಂಗಲ್ಲಿ ಗಾಡಿ ಲೀನ್ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಓಡುತ್ತೆ. ಮೇನ್ ಜೆಟ್ ಒಂದು ಸೈಜ್ ಮೇಲೆ ಹೋಗಿ ನೋಡಿ, 115 ಇದ್ರೆ 120. ತಂತಿ ಹಾಕಿ ತೂತು ದೊಡ್ಡದು ಮಾಡೋ ಮೇಸ್ತ್ರಿಗಳ ಕೈಗೆ ಜೆಟ್ ಕೊಡ್ಬೇಡಿ. ಸೂಜಿ ವಾಲ್ವ್ ವೈಟಾನ್ (ಫ್ಲೋರೋ ರಬ್ಬರ್) ತುದಿಯದ್ದು ಹಾಕಿ, ಫ್ಲೋಟ್ ಲೆವೆಲ್ ಸೆಟ್ ಮಾಡಿ. ಆಮೇಲೆ ಖಾಲಿ ರೋಡಲ್ಲಿ ಫುಲ್ ಥ್ರಾಟಲ್ ಕೊಟ್ಟು, ಕ್ಲಚ್ ಒತ್ತಿ ಕೀ ಆಫ್ ಮಾಡಿ (ಸ್ಟೇರಿಂಗ್ ಲಾಕ್ ತನಕ ತಿರುಗಿಸ್ಬೇಡಿ, ಬ್ರೇಕ್ ಗಟ್ಟಿ ಆಗುತ್ತೆ ಅನ್ನೋದೂ ನೆನಪಿರಲಿ), ಪಕ್ಕಕ್ಕೆ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಬೆಳ್ಳಗಿದ್ರೆ ಇನ್ನೊಂದು ಸೈಜ್ ಮೇಲೆ, ಕಪ್ಪು ಮಸಿ ಇದ್ರೆ ಕೆಳಗೆ. ಎಥನಾಲ್ ಹಳೇ ಕೊಳೆಯನ್ನೆಲ್ಲ ಕರಗಿಸಿ ತರೋದ್ರಿಂದ ಮೊದಲ ಫಿಲ್ಟರ್‌ಗಳನ್ನ 500 ಕಿಲೋಮೀಟರ್‌ಗೇ ಬದಲಾಯಿಸಿ, ಒಂದು ಸೆಟ್ ಡಿಕ್ಕಿಯಲ್ಲೂ ಇಟ್ಕೊಂಡಿರಿ.